ಮುಖವೂ ಉಡುಪೂ: ಛಾಯಾಚಿತ್ರ ಕಲೆಯಾಗುವ ಬಗೆ

ಛಾಯಾಚಿತ್ರ ಕಲೆಯೇ ಅಲ್ಲವೇ ಎಂಬ ಪ್ರಶ್ನೆ ಹೆಚ್ಚು ಕಡಿಮೆ ಛಾಯಾಚಿತ್ರದಷ್ಟೇ ಹಳೆಯದು. ಪ್ಯಾರಿಸಿನಲ್ಲಿ ಡಾಗೇರನ ವಿಧಾನ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅದಾಗಿ ಇಪ್ಪತ್ತೇ ವರ್ಷಕ್ಕೆ, 1859ರಲ್ಲಿ, ಅದೇ ನಗರದ ದೊಡ್ಡ ಕಲಾಪ್ರದರ್ಶನವನ್ನು ವಿಮರ್ಶಿಸುತ್ತ ಕವಿ ಬೋದಿಲೇರ್ ಈ ಹೊಸ ಯಂತ್ರವಿದ್ಯೆಯ ಮೇಲೆ ಕಿಡಿಕಾರಿದ. ಛಾಯಾಚಿತ್ರ ಶಾಸ್ತ್ರಗಳಿಗೂ ಕಲೆಗಳಿಗೂ ಊಳಿಗದವಳಾಗಿ ಇರಲಿ, ಪ್ರವಾಸಿಯ ನೆನಪಿಗೆ, ವಿಜ್ಞಾನಿಯ ದಾಖಲೆಗೆ ಒದಗಲಿ, ಆದರೆ ಕಲ್ಪನೆಯ ಹೊಸ್ತಿಲನ್ನು ಮಾತ್ರ ತುಳಿಯದಿರಲಿ ಎಂಬುದು ಆತನ ವಾದದ ಸಾರ. ವಿನೋದದ ಸಂಗತಿಯೆಂದರೆ, ಲಂಕೇಶರ ‘ಪಾಪದ ಹೂಗಳು’ ಮೂಲಕ ಕನ್ನಡದ ಓದುಗರಿಗೂ ಆತ್ಮೀಯನಾದ ಈ ಕವಿಯ ಮುಖ ಇಂದು ನಮ್ಮ ಕಣ್ಣ ಮುಂದೆ ಬರುವುದು ನಾದಾರ್ ಮತ್ತು ಕಾರ್ಜಾ ಎಂಬ ಇಬ್ಬರು ಛಾಯಾಗ್ರಾಹಕರ ದೆಸೆಯಿಂದ. ಆ ಬಿಗಿದ ತುಟಿ, ನೋಡುವವನನ್ನೇ ವಿಚಾರಣೆಗೆ ಗುರಿಮಾಡುವ ಆ ದೃಷ್ಟಿ ಇವನ್ನು ಕಂಡವರು ಅಲ್ಲಿ ಊಳಿಗಕ್ಕಿಂತ ಹೆಚ್ಚಿನದೇನೋ ನಡೆದಿದೆಯೆಂದು ಒಪ್ಪದಿರಲಾರರು.

ಸಾಧಾರಣವಾಗಿ ಬೆಟ್ಟ, ಮೋಡ, ಮರಗಳ ಛಾಯಾಚಿತ್ರವನ್ನು ಕಲೆಯೆಂದು ಒಪ್ಪಿಕೊಳ್ಳಲು ನಾವು ಈಗ ಹಿಂದೆಗೆಯುವುದಿಲ್ಲ. ಅನುಮಾನ ಉಳಿದಿರುವುದು ಬೇರೆ ಎರಡು ಬಗೆಯ ಚಿತ್ರಗಳ ವಿಷಯದಲ್ಲಿ. ಒಂದು, ಹಣ ತೆತ್ತು ತೆಗೆಸಿಕೊಳ್ಳುವ ಭಾವಚಿತ್ರ. ಇನ್ನೊಂದು, ಉಡುಪು ಮಾರುವ ಸಲುವಾಗಿ ತೆಗೆಯುವ ಫ್ಯಾಷನ್ ಚಿತ್ರ. ಮೊದಲನೆಯದರಲ್ಲಿ ಗಿರಾಕಿಯ ಮನಸ್ಸನ್ನು ಮೆಚ್ಚಿಸಬೇಕು, ಎರಡನೆಯದರಲ್ಲಿ ಪತ್ರಿಕೆಯ ಸಂಪಾದಕನನ್ನೂ ಉಡುಪಿನ ವ್ಯಾಪಾರಿಯನ್ನೂ ಮೆಚ್ಚಿಸಬೇಕು. ಯಂತ್ರದಿಂದ ಹುಟ್ಟಿದ್ದು, ಕೂಲಿಗಾಗಿ ಹುಟ್ಟಿದ್ದು ಎಂಬ ಎರಡು ದೋಷಗಳೂ ಕೂಡಿಕೊಂಡ ಈ ಚಿತ್ರಗಳು ಲಲಿತಕಲೆಯಾಗಬಲ್ಲವೇ? ಆಗುವುದಾದರೆ ಯಾವ ಕಾರಣದಿಂದ? ಇಂದು ನಾನು ವಿಚಾರ ಮಾಡಹೊರಟಿರುವುದು ಇಷ್ಟನ್ನು.

ಯಂತ್ರದ ಆಕ್ಷೇಪಣೆಗೆ ಕಲಾವಿಮರ್ಶಕರಿಗಿಂತ ಮೊದಲು ಸ್ಪಷ್ಟವಾದ ಉತ್ತರ ಕೊಟ್ಟದ್ದು ಒಂದು ನ್ಯಾಯಾಲಯ. 1882ರಲ್ಲಿ ಉಪನ್ಯಾಸ ಪ್ರವಾಸಕ್ಕೆಂದು ಅಮೆರಿಕಕ್ಕೆ ಹೋದ ಆಸ್ಕರ್ ವೈಲ್ಡ್, ನ್ಯೂಯಾರ್ಕಿನಲ್ಲಿ ನೆಪೋಲಿಯನ್ ಸರೋನಿ ಎಂಬ ಛಾಯಾಗ್ರಾಹಕನ ಸ್ಟುಡಿಯೋದಲ್ಲಿ ಕುಳಿತ. ಮಖಮಲ್ಲಿನ ಕೋಟು, ಮೊಣಕಾಲವರೆಗಿನ ಚಲ್ಲಣ, ರೇಷ್ಮೆಯ ಕಾಲುಚೀಲ, ಕೈಯಲ್ಲಿ ಪುಸ್ತಕ. ಉಡುಪನ್ನೇ ಒಂದು ಸಿದ್ಧಾಂತವಾಗಿ ತೊಟ್ಟ ಮನುಷ್ಯ ಆತ. ಆದ್ದರಿಂದ ಆ ಚಿತ್ರವನ್ನು ಭಾವಚಿತ್ರವೆನ್ನಬಹುದು, ಫ್ಯಾಷನ್ ಚಿತ್ರವೆಂದರೂ ಸಲ್ಲುತ್ತದೆ. ಒಂದು ಮುದ್ರಣ ಸಂಸ್ಥೆ ಸರೋನಿಯ ಅಪ್ಪಣೆಯಿಲ್ಲದೆ ಅದರ 85,000 ಪ್ರತಿಗಳನ್ನು ಅಚ್ಚುಮಾಡಿತು. ಸರೋನಿ ದಾವೆ ಹೂಡಿದ. ಛಾಯಾಚಿತ್ರವೆಂಬುದು ಯಂತ್ರದ ನಕಲು, ಅದಕ್ಕೆ ‘ಕರ್ತೃ’ ಎಂಬವನೇ ಇಲ್ಲ ಎಂದು ಪ್ರತಿವಾದಿಗಳು ವಾದಿಸಿದರು. 1884ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಕೂರಿಸಿದ ಭಂಗಿ, ಆಯ್ದ ಉಡುಪು, ಹಿಂದಿನ ಪರದೆ, ನೆರಳು ಬೆಳಕುಗಳ ಹೊಂದಾಣಿಕೆ, ಮುಖದಲ್ಲಿ ಹುಟ್ಟಿಸಿದ ಭಾವ ಇವೆಲ್ಲ ಸರೋನಿಯ ಬುದ್ಧಿಯಲ್ಲಿ ಮೊದಲು ರೂಪುಗೊಂಡವು. ಆದ್ದರಿಂದ ಆತ ಈ ಚಿತ್ರದ ಕರ್ತೃ ಎಂಬುದು ತೀರ್ಪಿನ ತಾತ್ಪರ್ಯ.

ಈ ತೀರ್ಪು ನನಗೆ ಮುಖ್ಯವಾಗಿ ಕಾಣುವುದು ಹಕ್ಕಿನ ದೃಷ್ಟಿಯಿಂದಲ್ಲ. ಯಂತ್ರದ ಹಿಂದೆ ನಿಂತವನು ಒಂದಾದ ಮೇಲೊಂದು ನಿರ್ಣಯಗಳನ್ನು ಮಾಡುತ್ತಾನೆ, ಆ ನಿರ್ಣಯಗಳಿಗೆ ಅವನೇ ಹೊಣೆಗಾರ ಎಂಬ ಮಾತು ಅದರಲ್ಲಿ ಅಡಗಿದೆ. ಕರ್ತೃವೆನಿಸಿಕೊಂಡವನು ಹೊಗಳಿಕೆಗೆ ಮಾತ್ರವಲ್ಲ, ಆಕ್ಷೇಪಣೆಗೂ ಉತ್ತರ ಕೊಡಬೇಕಾಗುತ್ತದೆ.

ಇನ್ನು ಕೂಲಿಯ ಮಾತು. ಕನ್ನಡ ಸಾಹಿತ್ಯ ಓದಿದವರಿಗೆ ಇದು ದೊಡ್ಡ ತೊಡಕಾಗಬಾರದು. ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ. ಇಂದು ಅರಿಕೇಸರಿಯ ಕೀರ್ತಿಗಾಗಿ ಆ ಕಾವ್ಯವನ್ನು ಕೈಗೆತ್ತಿಕೊಳ್ಳುವವರು ಯಾರು? ಪೋಷಕನಿಗೆ ಸಲ್ಲಬೇಕಾದ ಸ್ತುತಿ ಅದರಲ್ಲಿ ಇದ್ದೇ ಇದೆ. ಕಾವ್ಯ ಅದನ್ನು ಸಲ್ಲಿಸಿದ ಮೇಲೂ ಮಿಕ್ಕು ಉಳಿಯಿತು. ಫ್ಯಾಷನ್ ಚಿತ್ರದ ವಿಷಯದಲ್ಲಿಯೂ ನಾವು ಕೇಳಬೇಕಾದ್ದು ಇದನ್ನೇ: ಉಡುಪಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದ ಮೇಲೆ ಏನು ಮಿಕ್ಕಿತು?

ಎಡ್ವರ್ಡ್ ಸ್ಟೈಕನ್ ಈ ಸಂಕೋಚವನ್ನು ಮೊದಲು ಕಳೆದುಕೊಂಡವರಲ್ಲಿ ಒಬ್ಬ. ಪೋಲ್ ಪ್ವಾರೆ ಎಂಬ ಉಡುಪು ವಿನ್ಯಾಸಕಾರನ ನಿಲುವಂಗಿಗಳನ್ನು ತೊಟ್ಟ ಹೆಂಗಸರ ಚಿತ್ರಗಳನ್ನು ಆತ 1911ರಲ್ಲಿಯೇ ಪ್ಯಾರಿಸಿನ ಒಂದು ಕಲಾಪತ್ರಿಕೆಗೆ ತೆಗೆದುಕೊಟ್ಟಿದ್ದ. 1923ರಲ್ಲಿ ‘ವೋಗ್’ ಮತ್ತು ‘ವ್ಯಾನಿಟಿ ಫೇರ್’ ಪತ್ರಿಕೆಗಳ ಪ್ರಧಾನ ಛಾಯಾಗ್ರಾಹಕನಾದಾಗ, ಬೇಕಾದರೆ ಫ್ಯಾಷನ್ ಚಿತ್ರಗಳ ಕೆಳಗೆ ಹೆಸರು ಹಾಕದೆ ಬಿಡುತ್ತೇವೆ ಎಂಬ ರಿಯಾಯಿತಿಯನ್ನು ಪತ್ರಿಕೆಯವರು ಮುಂದಿಟ್ಟರು. ಆತ ಅದನ್ನು ಒಪ್ಪಲಿಲ್ಲ. ತೆಗೆದ ಚಿತ್ರಕ್ಕೆ ತನ್ನ ಹೆಸರು ಇರಲೇಬೇಕು ಎಂದ. ಸರೋನಿ ನ್ಯಾಯಾಲಯದಲ್ಲಿ ಗೆದ್ದುಕೊಂಡದ್ದನ್ನು ಸ್ಟೈಕನ್ ತಾನಾಗಿಯೇ ಹೆಗಲಿಗೇರಿಸಿಕೊಂಡನೆನ್ನಬಹುದು.

ಮಿಕ್ಕುವುದು ಎಂದರೇನು ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1955ರ ಆಗಸ್ಟ್ ತಿಂಗಳಲ್ಲಿ ರಿಚರ್ಡ್ ಆವೆಡನ್ ಎಂಬ ಅಮೆರಿಕದ ಛಾಯಾಗ್ರಾಹಕ ‘ಹಾರ್ಪರ್ಸ್ ಬಜಾರ್’ ಪತ್ರಿಕೆಗಾಗಿ ಪ್ಯಾರಿಸಿನ ಒಂದು ಸರ್ಕಸ್ ಕಟ್ಟಡದಲ್ಲಿ ಡಿಯೋರ್ ಸಂಸ್ಥೆಯ ಸಂಜೆಯುಡುಪೊಂದನ್ನು ಚಿತ್ರಿಸಿದ. ಉಡುಪು ಕಪ್ಪು, ಸೊಂಟದಿಂದ ಇಳಿದ ಉದ್ದನೆಯ ಪಟ್ಟಿ ಬಿಳುಪು. ವಿನ್ಯಾಸ ಮಾಡಿದವನು ಆಗ ಅಲ್ಲಿ ಸಹಾಯಕನಾಗಿದ್ದ ತರುಣ ಈವ್ ಸ್ಯಾಂ ಲೋರಾಂ. ತೊಟ್ಟವಳು ಡೊವಿಮಾ ಎಂಬ ಹೆಸರಾಂತ ರೂಪದರ್ಶಿ. ಅವಳ ಹಿಂದೆ, ಅವಳ ಎರಡು ಪಕ್ಕಗಳಲ್ಲಿ ಆನೆಗಳು. ಒಂದು ಕೈ ಆನೆಯ ಸೊಂಡಿಲಿನ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ ಚಾಚಿದೆ.

ಉಡುಪು ಚೆನ್ನಾಗಿ ಕಾಣುತ್ತದೆ. ಪತ್ರಿಕೆಗೆ ಬೇಕಾದ್ದು ದಕ್ಕಿತು. ಆದರೆ ನೋಡುತ್ತ ಹೋದಂತೆ ಬೇರೆ ಸಂಗತಿಗಳು ಮೇಲೇಳುತ್ತವೆ. ರೇಷ್ಮೆಯ ನುಣುಪಿನ ಬದಿಯಲ್ಲಿ ಸುಕ್ಕುಗಟ್ಟಿದ ಚರ್ಮ. ಆನೆಗಳ ಕಾಲಿನಲ್ಲಿ ಸರಪಳಿ. ಆ ಸರಪಳಿಯನ್ನು ಕಂಡ ಮೇಲೆ ಹೆಂಗಸಿನ ಬಿಗಿದ ನಡು, ಅಳೆದು ಇಟ್ಟ ಹೆಜ್ಜೆ ಇವೂ ಒಂದು ಬಗೆಯ ಪಳಗಿಸುವಿಕೆಯಂತೆ ಕಾಣತೊಡಗುತ್ತವೆ. ಇದನ್ನೆಲ್ಲ ಆವೆಡನ್ ಉದ್ದೇಶಿಸಿದ್ದನೆಂದು ನಾನು ಹೇಳುತ್ತಿಲ್ಲ. ಚಿತ್ರದಲ್ಲಿ ಅಷ್ಟಕ್ಕೆ ಎಡೆಯಿದೆ ಎಂದಷ್ಟೇ ನನ್ನ ಮಾತು. ಲೋಕವೆಲ್ಲ ಹೊಗಳಿದ ಈ ಚಿತ್ರದ ಬಗ್ಗೆ ಆತನಿಗೆ ಮಾತ್ರ ಅತೃಪ್ತಿ. ಆ ಬಿಳಿಯ ಪಟ್ಟಿ ಎಡಕ್ಕೆ ಹಾರಿದ್ದರೆ ರೇಖೆ ಪೂರ್ಣವಾಗುತ್ತಿತ್ತು, ಹಾಗೇಕೆ ಮಾಡಿಸಲಿಲ್ಲವೋ ಎಂದು ಆತ ಬಹುಕಾಲದ ಮೇಲೂ ಕೊರಗುತ್ತಿದ್ದ. ಕವಿ ಅಚ್ಚಾದ ಪದ್ಯದ ಒಂದು ಶಬ್ದಕ್ಕಾಗಿ ಹಳಹಳಿಸುವಂತಹ ಕೊರಗು ಇದು. ಉಡುಪು ಮಾರಾಟವಾಯಿತೇ ಇಲ್ಲವೇ ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ.

ಡೊವಿಮಾ ಮುಂದೆ ಆ ವೃತ್ತಿಯನ್ನು ಬಿಟ್ಟಳು. ಕೊನೆಗಾಲದಲ್ಲಿ ಫ್ಲಾರಿಡಾದ ಒಂದು ಪಿಜ್ಜಾ ಅಂಗಡಿಯಲ್ಲಿ ಬಂದವರನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದು 1990ರಲ್ಲಿ ತೀರಿಕೊಂಡಳು. 2010ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಈ ಚಿತ್ರದ ದೊಡ್ಡದೊಂದು ಪ್ರತಿಗೆ 8,41,000 ಯೂರೋ ಬೆಲೆ ಬಂತು. ಕೊಂಡುಕೊಂಡದ್ದು ಡಿಯೋರ್ ಸಂಸ್ಥೆಯೇ. ಹರಾಜಿನ ಬೆಲೆ ಕಲೆಗೆ ಪ್ರಮಾಣವಲ್ಲವೆಂದು ನಾನು ಬಲ್ಲೆ. ಆದರೂ, ತನ್ನ ಉಡುಪನ್ನು ಹೊಗಳಲೆಂದು ಹುಟ್ಟಿದ ಚಿತ್ರವನ್ನು ಅರ್ಧ ಶತಮಾನದ ಮೇಲೆ ಆ ಉಡುಪಿನ ಒಡೆಯರೇ ಕಲಾಕೃತಿಯೆಂದು ಕೊಳ್ಳಬೇಕಾಗಿ ಬಂದದ್ದು ಅರಿಕೇಸರಿಯ ಕಥೆಯನ್ನು ನೆನಪಿಗೆ ತರುತ್ತದೆ.

ಆವೆಡನ್ನನ ಸಮಕಾಲೀನನೂ ಒಂದು ಬಗೆಯಲ್ಲಿ ಪ್ರತಿಸ್ಪರ್ಧಿಯೂ ಆಗಿದ್ದವನು ‘ವೋಗ್’ ಪತ್ರಿಕೆಯ ಇರ್ವಿಂಗ್ ಪೆನ್. ಆವೆಡನ್ ಚಲನೆಯನ್ನು ಒಲಿದವನಾದರೆ ಪೆನ್ ಒಲಿದದ್ದು ಸ್ತಬ್ಧತೆಯನ್ನು. 1948ರಲ್ಲಿ ಆತ ನ್ಯೂಯಾರ್ಕಿನ ತನ್ನ ಸ್ಟುಡಿಯೋದಲ್ಲಿ ಎರಡು ಹಲಗೆಗೋಡೆಗಳನ್ನು ಇಕ್ಕಟ್ಟಾದ ಮೂಲೆಯಾಗುವಂತೆ ಜೋಡಿಸಿ, ಪ್ರಸಿದ್ಧರನ್ನು ಅದರೊಳಗೆ ನಿಲ್ಲಿಸಿ ಚಿತ್ರ ತೆಗೆದ. ಸಂಗೀತಗಾರ ಸ್ಟ್ರಾವಿನ್‌ಸ್ಕಿ ಕಿವಿಗೆ ಕೈ ಹಿಡಿದು ಆಲಿಸುತ್ತಿರುವ ಚಿತ್ರ ಆ ಸರಣಿಯದು. ದೊಡ್ಡ ಮನುಷ್ಯನೆನಿಸಿದವನಿಗೆ ಕುರ್ಚಿಯಿಲ್ಲ, ಪುಸ್ತಕದ ಬೀರುವಿಲ್ಲ, ಪದಕವಿಲ್ಲ. ಒಂದು ಮೂಲೆ ಮಾತ್ರ. ಕೆಲವರು ಗೋಡೆಗೆ ಒರಗಿ ನೆಮ್ಮದಿ ಕಂಡರು, ಕೆಲವರು ಬಲೆಗೆ ಬಿದ್ದವರಂತೆ ಮುದುಡಿದರು. ಅವರವರ ಸ್ವಭಾವ ತಾನಾಗಿ ಹೊರಬಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ಪತ್ರಿಕೆಯ ಕೆಲಸಕ್ಕಾಗಿ ಪೆರು ದೇಶಕ್ಕೆ ಹೋದ ಪೆನ್, ಕೆಲಸ ಮುಗಿದ ಮೇಲೆ ಕೂಸ್ಕೋ ಎಂಬ ಬೆಟ್ಟದೂರಿನಲ್ಲಿ ಉಳಿದುಕೊಂಡ. ಅಲ್ಲಿಯ ಛಾಯಾಗ್ರಾಹಕನೊಬ್ಬನ ಸ್ಟುಡಿಯೋವನ್ನು ಕ್ರಿಸ್‌ಮಸ್ ದಿನಗಳಿಗೆ ಬಾಡಿಗೆಗೆ ಹಿಡಿದ. ಕಲ್ಲಿನ ನೆಲ, ಬಣ್ಣ ಬಳಿದ ಪರದೆ, ಪಕ್ಕದಿಂದ ಬೀಳುವ ಹಗಲ ಬೆಳಕು. ನಮ್ಮ ತಾಲ್ಲೂಕು ಪಟ್ಟಣಗಳ ಹಳೆಯ ಸ್ಟುಡಿಯೋಗಳನ್ನು ಕಂಡವರಿಗೆ ಅದರ ಚಿತ್ರ ಒಡನೆ ಕಣ್ಣಿಗೆ ಕಟ್ಟೀತು. ಹಬ್ಬಕ್ಕೆಂದು ಭಾವಚಿತ್ರ ತೆಗೆಸಿಕೊಳ್ಳಲು ಬಂದ ಸುತ್ತಿನ ಹಳ್ಳಿಯವರು ತಮ್ಮ ಪರಿಚಯದವನ ಬದಲು ಈ ಅಪರಿಚಿತನನ್ನು ಕಂಡು ಬೆರಗಾದರು. ಹಣ ಕೊಡಲು ಬಂದವರಿಗೆ ಆತನೇ ಹಣ ಕೊಟ್ಟ.

ಇಲ್ಲಿಂದ ಮುಂದಿನ ಹೆಜ್ಜೆ ಇನ್ನೂ ಮಹತ್ವದ್ದು. 1950ರಲ್ಲಿ ಪ್ಯಾರಿಸಿನ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಪೆನ್ ಹಗಲ ಬೆಳಕಿನ ಕೋಣೆಯೊಂದನ್ನು ಹಿಡಿದು, ನಾಟಕದ ಹಳೆಯ ಪರದೆಯೊಂದನ್ನು ಹಿಂದೆ ಇಳಿಬಿಟ್ಟ. ಬೂದುಬಣ್ಣದ, ಮೋಡ ಕವಿದಂತಹ ಪರದೆ. ಅದರ ಮುಂದೆ ಆ ವರ್ಷದ ಅತ್ಯಂತ ಬೆಲೆಯುಳ್ಳ ಉಡುಪುಗಳನ್ನು ತೊಟ್ಟ ರೂಪದರ್ಶಿಗಳು ನಿಂತರು. ಅವರಲ್ಲಿ ಮುಖ್ಯಳಾದ ಲೀಸಾ ಫಾನ್‌ಸಾಗ್ರಿವ್ಸ್ ಅದೇ ವರ್ಷ ಆತನ ಹೆಂಡತಿಯಾದಳು. ಆ ಸರದಿಗಳ ನಡುನಡುವೆ ಬೀದಿಯಿಂದ ಕರೆತಂದ ಕಸುಬುಗಾರರು ಅದೇ ಬೆಳಕಿನಲ್ಲಿ, ಅದೇ ಪರದೆಯ ಮುಂದೆ ನಿಂತರು. ಕಟುಕ, ಇದ್ದಲು ಹೊರುವವನು, ಮಿಠಾಯಿ ಮಾಡುವವನು, ಪ್ರತಿಯೊಬ್ಬನೂ ಕೆಲಸದ ಬಟ್ಟೆಯಲ್ಲಿ, ಕೆಲಸದ ಹತ್ಯಾರದೊಡನೆ. ಲಂಡನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಈ ಕೆಲಸ ಮುಂದುವರಿಯಿತು. ಪ್ಯಾರಿಸಿನವರು ಇದರಲ್ಲಿ ಏನೋ ಮೋಸವಿದೆಯೆಂದು ಶಂಕಿಸಿದರು. ಲಂಡನ್ನಿನವರು ತಮ್ಮ ಕಸುಬಿನ ಹೆಮ್ಮೆಯಿಂದ ಠೀವಿಯಾಗಿ ನಿಂತರು. ನ್ಯೂಯಾರ್ಕಿನವರಲ್ಲಿ ಕೆಲವರು, ಬೇಡವೆಂದು ಹೇಳಿದ್ದರೂ ಕೇಳದೆ, ಕ್ಷೌರ ಮಾಡಿಸಿಕೊಂಡು ಭಾನುವಾರದ ಬಟ್ಟೆ ತೊಟ್ಟು ಬಂದರು. ಇದು ಪೆನ್ ತಾನೇ ಹೇಳಿರುವ ಸಂಗತಿ.

ಆ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಫ್ಯಾಷನ್ ಚಿತ್ರಕ್ಕೂ ಭಾವಚಿತ್ರಕ್ಕೂ ನಾವು ಎಳೆದಿರುವ ಗೆರೆ ಮಸುಕಾಗುತ್ತದೆ. ಇದ್ದಲಿನವನ ಮೈಮೇಲಿನ ಗೋಣಿ, ಶ್ರೀಮಂತೆಗಾಗಿ ಹೊಲಿದ ರೇಷ್ಮೆ ಎರಡೂ ಉಡುಪುಗಳೇ. ಎರಡಕ್ಕೂ ಒಂದೇ ಬೆಳಕು, ಒಂದೇ ಮರ್ಯಾದೆ. ಉಡುಪೆಂಬುದು ಮನುಷ್ಯ ತನ್ನನ್ನು ಲೋಕಕ್ಕೆ ಹೇಳಿಕೊಳ್ಳುವ ಒಂದು ಭಾಷೆ ಎಂಬುದನ್ನು ಪೆನ್ ವ್ಯಾಪಾರದ ಪತ್ರಿಕೆಯೊಂದರ ಕೆಲಸದಿಂದ ಕಲಿತ. ಕಲಿತದ್ದನ್ನು ಉಡುಪು ಕೊಳ್ಳುವ ಶಕ್ತಿಯಿಲ್ಲದವರ ಚಿತ್ರಕ್ಕೆ ತಂದ. ಆ ಪರದೆಯನ್ನು ಆತ ಜೀವಮಾನವೆಲ್ಲ ಜೋಪಾನ ಮಾಡಿಕೊಂಡಿದ್ದ.

ಕಲೆಯ ಮಾತಿನಲ್ಲಿ ಕೈಕೆಲಸದ ಪಾಲನ್ನೂ ಮರೆಯುವಂತಿಲ್ಲ. ಪತ್ರಿಕೆಯ ಪುಟದಲ್ಲಿ ಅಚ್ಚಾದ ಚಿತ್ರದ ಆಯುಸ್ಸು ಒಂದು ತಿಂಗಳು. ಇದರಿಂದ ಬೇಸತ್ತ ಪೆನ್ 1960ರ ದಶಕದಲ್ಲಿ ಪ್ಲಾಟಿನಂ ಮುದ್ರಣವೆಂಬ ಹಳೆಯ, ಬಹುಮಟ್ಟಿಗೆ ಮರೆತುಹೋಗಿದ್ದ ವಿಧಾನವನ್ನು ತಾನಾಗಿಯೇ ಅಭ್ಯಾಸ ಮಾಡಿದ. ಸಾಮಾನ್ಯ ಛಾಯಾಚಿತ್ರದಲ್ಲಿ ಬೆಳ್ಳಿಯ ಕಣಗಳು ಕಾಗದದ ಮೇಲಿನ ಜಿಲೆಟಿನ್ ಪದರದಲ್ಲಿರುತ್ತವೆ. ಪ್ಲಾಟಿನಂ ವಿಧಾನದಲ್ಲಿ ದ್ರಾವಣವನ್ನು ಕೈಯಿಂದಲೇ ಕಾಗದಕ್ಕೆ ಬಳಿಯುವುದರಿಂದ ಬಿಂಬ ಕಾಗದದ ನಾರಿನಲ್ಲೇ ಇಳಿದು ನಿಲ್ಲುತ್ತದೆ. ಕಪ್ಪಿಗೂ ಬಿಳುಪಿಗೂ ನಡುವೆ ಎಣಿಸಲಾಗದಷ್ಟು ಬೂದುಛಾಯೆಗಳು ದೊರೆಯುತ್ತವೆ. ಆದರೆ ನೆಗೆಟಿವ್ ಚಿತ್ರದಷ್ಟೇ ದೊಡ್ಡದಿರಬೇಕು, ಏಕೆಂದರೆ ಅದನ್ನು ಕಾಗದಕ್ಕೆ ಒತ್ತಿಹಿಡಿದೇ ಬೆಳಕು ತೋರಿಸಬೇಕು. ಒಮ್ಮೆ ಬಳಿದು ಮುದ್ರಿಸಿ ತೊಳೆದ ಕಾಗದಕ್ಕೆ ಮತ್ತೆ ಬಳಿದು ಮತ್ತೆ ಮುದ್ರಿಸುವಾಗ ಕಾಗದ ಹಿಗ್ಗಿ ಕುಗ್ಗಿ ಬಿಂಬ ಸರಿಯದಂತೆ ಪೆನ್ ಅದನ್ನು ಅಲ್ಯೂಮಿನಿಯಂ ತಗಡಿಗೆ ಅಂಟಿಸುತ್ತಿದ್ದ. ನಾನು ಈ ಕೃತಿಗಳನ್ನು ಕಂಡಿರುವುದು ಪುಸ್ತಕದ ಅಚ್ಚಿನಲ್ಲಿ ಮಾತ್ರ. ಆ ಎರಡನೆಯ ಕೈಯ ಪ್ರತಿಗಳಲ್ಲಿಯೂ ನೆರಳಿನ ಆಳ ಒಂದಿಷ್ಟು ಉಳಿದು ಬಂದಿದೆ.

ಇಷ್ಟರಿಂದ ಛಾಯಾಗ್ರಾಹಕ ಕರ್ತೃವೆಂದೂ, ಕೂಲಿಯ ಕೆಲಸದಿಂದಲೂ ಕಲೆ ಹುಟ್ಟಬಲ್ಲುದೆಂದೂ ಒಪ್ಪಿದೆವೆಂದು ಇಟ್ಟುಕೊಳ್ಳೋಣ. ಆಗ ಇನ್ನೂ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ. ಚಿತ್ರ ಛಾಯಾಗ್ರಾಹಕನದು, ಸರಿ, ಮುಖ ಯಾರದು? ಬಣ್ಣದ ಚಿತ್ರಕಾರನೂ ಎದುರಿಗಿರುವವರನ್ನು ನೋಡಿಯೇ ಬರೆಯುತ್ತಾನೆ, ಆದರೆ ಗೆರೆಗಳು ಅವನ ಕೈಯವು. ಛಾಯಾಚಿತ್ರದಲ್ಲಿ ಮುಖ ತಾನೇ ಬಂದು ಸಾಕ್ಷಿ ಹೇಳುತ್ತದೆ. ನೋಡುವವರು ಅದನ್ನು ನಂಬುತ್ತಾರೆ. ಆ ನಂಬಿಕೆಯಿಂದ ಛಾಯಾಗ್ರಾಹಕನ ಕೈಗೆ ದೊಡ್ಡ ಅಧಿಕಾರ ಬರುತ್ತದೆ.

1957ರಲ್ಲಿ ಆವೆಡನ್ ತೆಗೆದ ಎರಡು ಭಾವಚಿತ್ರಗಳನ್ನು ನೋಡಿ. ಮೊದಲನೆಯದು, ಇಂಗ್ಲೆಂಡಿನ ಸಿಂಹಾಸನವನ್ನು 1936ರಲ್ಲಿ ತ್ಯಜಿಸಿದ ವಿಂಡ್ಸರಿನ ಡ್ಯೂಕ್ ಮತ್ತು ಆತನ ಹೆಂಡತಿಯದು. ಕ್ಯಾಮೆರಾದ ಮುಂದೆ ಹೇಗಿರಬೇಕೆಂಬುದನ್ನು ಚೆನ್ನಾಗಿ ಅರಿತಿದ್ದ ಆ ದಂಪತಿಗಳು ಅಭ್ಯಾಸದ ಮುಗುಳ್ನಗೆಯನ್ನು ಬಿಟ್ಟುಕೊಡಲಿಲ್ಲ. ಅವರಿಗೆ ನಾಯಿಗಳೆಂದರೆ ಪ್ರಾಣವೆಂದು ಆವೆಡನ್ನನಿಗೆ ಗೊತ್ತಿತ್ತು. ಬರುವ ದಾರಿಯಲ್ಲಿ ತನ್ನ ಟ್ಯಾಕ್ಸಿ ನಾಯಿಯೊಂದರ ಮೇಲೆ ಹರಿದುಹೋಯಿತೆಂದು ಆತ ಕಥೆ ಕಟ್ಟಿದ. ಇಬ್ಬರ ಮುಖವೂ ಕುಸಿಯಿತು, ಆತ ಗುಂಡಿಯೊತ್ತಿದ. ಆ ಚಿತ್ರದಲ್ಲಿ ಕಾಣುವ ದುಗುಡ ಸಿಂಹಾಸನ ಕಳೆದುಕೊಂಡವರದೆಂದು ನಾವು ಓದುತ್ತೇವೆ. ನಿಜಕ್ಕೂ ಅದು ಎಂದೂ ಇರದಿದ್ದ ಒಂದು ನಾಯಿಗಾಗಿ ಪಟ್ಟ ಮರುಕ.

ಎರಡನೆಯದು ಮರಿಲಿನ್ ಮನ್ರೋಳದು. ಮೇ ತಿಂಗಳ ಒಂದು ಸಂಜೆ ಆಕೆ ಆವೆಡನ್ನನ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಕುಣಿದಳು, ಹಾಡಿದಳು, ಲೋಕ ಬಯಸುವ ಮರಿಲಿನ್ ಆಗಿ ನಟಿಸಿದಳು. ಎಲ್ಲ ಮುಗಿದ ಮೇಲೆ ಒಂದು ಮೂಲೆಯಲ್ಲಿ, ಏನೂ ಉಳಿಯದವಳಂತೆ ಕುಳಿತಳು. ಅವಳಿಗೆ ತಿಳಿಯದಂತೆ ಚಿತ್ರ ತೆಗೆಯಲು ಆವೆಡನ್ನನಿಗೆ ಮನಸ್ಸಾಗಲಿಲ್ಲ. ಕ್ಯಾಮೆರಾ ಹಿಡಿದು ಎದುರಿಗೇ ಹೋದಾಗ, ಆಕೆ ಬೇಡವೆನ್ನುತ್ತಿಲ್ಲವೆಂಬುದು ಆತನಿಗೆ ಕಂಡಿತು. ಮಿರುಗುವ ಉಡುಪಿನ ಮೇಲೆ ದಣಿದ, ಎಲ್ಲಿಯೋ ನೋಡುವ ಮುಖ. ಐದು ವರ್ಷಗಳ ಮೇಲೆ ಆಕೆ ತೀರಿಕೊಂಡಾಗಿನಿಂದ ಆ ಚಿತ್ರವನ್ನು ನಿರುದ್ವೇಗದಿಂದ ನೋಡುವುದು ಯಾರಿಗೂ ಸಾಧ್ಯವಾಗಿಲ್ಲ.

ಎರಡೂ ಚಿತ್ರಗಳು ಪ್ರಬಲವಾಗಿವೆ. ಆದರೆ ಒಂದನ್ನು ಕಸಿದುಕೊಂಡದ್ದು, ಇನ್ನೊಂದು ಕೊಟ್ಟದ್ದು. ಈ ಭೇದ ಚಿತ್ರದ ಹೊರಗಿನದು, ಕಲೆಗೆ ಸಂಬಂಧಿಸಿದ್ದಲ್ಲ ಎಂದು ವಾದಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ವಿಂಡ್ಸರ್ ದಂಪತಿಗಳ ಚಿತ್ರದ ಕಥೆ ತಿಳಿದ ಮೇಲೆ ನಮಗೆ ನೆನಪಾಗುವುದು ಛಾಯಾಗ್ರಾಹಕನ ಜಾಣತನ. ಮರಿಲಿನ್‌ಳ ಚಿತ್ರದ ಕಥೆ ತಿಳಿದ ಮೇಲೂ ನಮ್ಮ ಮುಂದೆ ನಿಲ್ಲುವವಳು ಆ ಹೆಂಗಸೇ.

ತನ್ನ ಭಾವಚಿತ್ರಗಳು ಎದುರಿಗೆ ನಿಂತವರಿಗಿಂತ ಹೆಚ್ಚಾಗಿ ತನ್ನನ್ನು ಕುರಿತವು ಎಂದು ಆವೆಡನ್ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಆ ಮಾತು ಒರೆಗೆ ಬಿದ್ದದ್ದು 1979ರಿಂದ 1984ರವರೆಗೆ. ಟೆಕ್ಸಾಸಿನ ಒಂದು ವಸ್ತುಸಂಗ್ರಹಾಲಯದ ಕೋರಿಕೆಯ ಮೇಲೆ ಆತ ಅಮೆರಿಕದ ಪಶ್ಚಿಮ ಭಾಗದಲ್ಲಿ ಬೇಸಿಗೆಯ ಮೇಲೆ ಬೇಸಿಗೆ ತಿರುಗಿ, 752 ಜನರನ್ನು ನಿಲ್ಲಿಸಿ, ಸುಮಾರು 17,000 ಹಾಳೆ ಫಿಲಂ ಬಳಸಿದ. ಗಣಿಯವರು, ಎಣ್ಣೆಬಾವಿಯವರು, ಅಲೆಮಾರಿಗಳು, ಹಾವಿನ ಚರ್ಮ ಸುಲಿಯುವ ಹದಿಮೂರರ ಹುಡುಗ, ಬರಿಮೈಗೆ ಜೇನ್ನೊಣ ಮುತ್ತಿಸಿಕೊಂಡು ನಿಂತ ಜೇನು ಸಾಕುವವ. ಬೆನ್ನ ಹಿಂದೆ ಬರೀ ಬಿಳಿಯ ಕಾಗದ. ನೆಟ್ಟಗಿನ ಬಿಸಿಲಿಲ್ಲದ ನೆರಳು. ದೊಡ್ಡ ಕ್ಯಾಮೆರಾದ ಹಿಂದೆ ಅಡಗದೆ ಆತ ಅದರ ಪಕ್ಕದಲ್ಲಿ, ಎದುರಿನವರಿಗೆ ಮುಖಕೊಟ್ಟು ನಿಲ್ಲುತ್ತಿದ್ದ. 1985ರಲ್ಲಿ ಇವು ಆಳೆತ್ತರವನ್ನು ಮೀರಿದ ಪ್ರತಿಗಳಾಗಿ ಪ್ರದರ್ಶನಕ್ಕೆ ಬಂದಾಗ, ಫ್ಯಾಷನ್ನಿನ ಕಣ್ಣಿನಿಂದ ಬಡವರನ್ನು ಮಾದರಿಗಳಾಗಿ ಜೋಡಿಸಿಟ್ಟಿದ್ದಾನೆ ಎಂಬ ಕಟುವಾದ ಟೀಕೆ ಎದ್ದಿತು. ಇದು ತನ್ನ ಕಲ್ಪನೆಯ ಪಶ್ಚಿಮ, ವಾಸ್ತವದ ತೀರ್ಪಲ್ಲ ಎಂಬುದು ಆತನ ನಿಲುವಾಗಿತ್ತು.

ಟೀಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬಿಳಿಯ ಕಾಗದ ಮನುಷ್ಯನನ್ನು ಅವನ ಮನೆಯಿಂದ, ಕೆಲಸದಿಂದ, ನೆರೆಹೊರೆಯಿಂದ ಕತ್ತರಿಸಿ ತೆಗೆಯುತ್ತದೆ. ಆದರೆ ಅದೇ ಬಿಳುಪಿನ ಮುಂದೆ ಆತ ದೇಶದ ಆಳುವವರನ್ನೂ ನಿಲ್ಲಿಸಿದ್ದ. ತನ್ನ ತಂದೆಯನ್ನೂ ನಿಲ್ಲಿಸಿದ್ದ. ಕ್ಯಾನ್ಸರಿನಿಂದ ನರಳುತ್ತಿದ್ದ ಜೇಕಬ್ ಇಸ್ರೇಲ್ ಆವೆಡನ್‌ನನ್ನು ಮಗ 1969ರಿಂದ, 1973ರಲ್ಲಿ ಆತ ತೀರಿಕೊಳ್ಳುವವರೆಗೆ ಮತ್ತೆ ಮತ್ತೆ ಚಿತ್ರಿಸಿದ. 1974ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಆ ಚಿತ್ರಗಳನ್ನು ಕಂಡವರು ಬೆಚ್ಚಿದರು. ಮೊದಲ ಚಿತ್ರಗಳಲ್ಲಿ ಸೂಟು ತೊಟ್ಟ, ಬಿಗಿಯಾದ ವೃದ್ಧ. ಕೊನೆಯವುಗಳಲ್ಲಿ ಆಸ್ಪತ್ರೆಯ ಅಂಗಿ, ದಿಗಿಲಿನ ಕಣ್ಣು. ತಂದೆಗಾಗಿ ಬೇರೆ ನಿಯಮವನ್ನು ಮಗ ಮಾಡಿಕೊಳ್ಳಲಿಲ್ಲ. ಸುಂದರ ಮುಖಗಳನ್ನು ಇನ್ನಷ್ಟು ಸುಂದರಗೊಳಿಸಿ ಹೊಟ್ಟೆ ಹೊರೆದ ಕೈ, ತನಗೆ ಅತಿ ಹತ್ತಿರದ ಮುಖದ ಒಂದು ಸುಕ್ಕನ್ನೂ ಅಳಿಸಲಿಲ್ಲ. ಅದನ್ನು ನಿರ್ದಯತೆಯೆನ್ನುವವರುಂಟು. ನನಗಾದರೆ ಅದು ಮಗನೊಬ್ಬ ತಂದೆಯನ್ನು ಕೊನೆಯವರೆಗೂ ಕಣ್ಣು ತಪ್ಪಿಸದೆ ನೋಡಿದ ಬಗೆಯಾಗಿ ಕಾಣುತ್ತದೆ.

ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಸುಕ್ಕು ಅಳಿಸುವ, ಬಣ್ಣ ತಿಳಿಗೊಳಿಸುವ ಕೆಲಸವನ್ನು ಯಂತ್ರ ಕೇಳದೆಯೇ ಮಾಡಿಕೊಡುತ್ತದೆ. ಬೋದಿಲೇರನ ಆಕ್ಷೇಪಣೆಗೆ ಈಗ ಮತ್ತೆ ಜೀವ ಬಂದಿದೆಯೆನ್ನಬಹುದು. ಹೀಗಿರುವಾಗ ಯಾವುದೇ ಮುಖದ ಚಿತ್ರವನ್ನು ನೋಡುವಾಗ ಕೇಳಿಕೊಳ್ಳಬಹುದಾದ ಪ್ರಶ್ನೆಗಳು ಮೂರು. ಇಲ್ಲಿ ಏನನ್ನು ಉಳಿಸಿ ಏನನ್ನು ಬಿಡಬೇಕೆಂದು ನಿರ್ಣಯಿಸಿದವರು ಯಾರು? ಆ ನಿರ್ಣಯಕ್ಕೆ ಅವರು ತಮ್ಮ ಹೆಸರು ಹಾಕಲು ಸಿದ್ಧರಿದ್ದಾರೆಯೇ? ಚಿತ್ರದಲ್ಲಿರುವವರು ಆ ಮುಖವನ್ನು ಕೊಟ್ಟರೇ, ಇಲ್ಲ ಅವರಿಂದ ಅದನ್ನು ಕಿತ್ತುಕೊಂಡರೇ? ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಮಾಸುತ್ತಿರುವ ಮದುವೆಯ ಚಿತ್ರಕ್ಕೂ, ಸಂಗ್ರಹಾಲಯದ ಗೋಡೆಯ ಮೇಲಿನ ಪ್ಲಾಟಿನಂ ಪ್ರತಿಗೂ ಈ ಪ್ರಶ್ನೆಗಳು ಒಂದೇ ಸಮನಾಗಿ ಅನ್ವಯಿಸುತ್ತವೆ. ಮೊದಲನೆಯದೇ ಗೆದ್ದರೂ ಆಶ್ಚರ್ಯಪಡಬೇಕಾದ್ದಿಲ್ಲ.